ಯಾವ ನ್ಯಾನೋಟ್ಯೂಬ್ ಕೊಳ್ಳಬೇಕು, ಅಥವಾ ಕೊಳ್ಳಲೇಬೇಕೇ?

ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಇಂಗಾಲದ ಪರಮಾಣುಗಳಿಂದಾದ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಕೊಳವೆ. ಅದರ ಬಗ್ಗೆ ನನ್ನನ್ನು ಕೇಳುವವರು ಹೆಚ್ಚಾಗಿ ಮೂರು ಬಗೆಯವರು. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಪ್ಲಾಸ್ಟಿಕ್ ಟ್ರೇ ತಯಾರಿಸುವ ಸಣ್ಣ ಕಾರ್ಖಾನೆಯವರು, ಲಿಥಿಯಂ ಬ್ಯಾಟರಿಯ ಪ್ರಯೋಗಕ್ಕೆ ಕೈಹಾಕಿರುವವರು, ಮತ್ತು ಸೆನ್ಸರ್ ಮಾಡಲು ಹೊರಟ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳು. ಎಲ್ಲರ ಕೈಯಲ್ಲೂ ಒಂದೇ ನಮೂನೆಯ ದರಪಟ್ಟಿ ಇರುತ್ತದೆ. ಒಂಟಿ ಗೋಡೆಯದು, ಬಹುಗೋಡೆಯದು, ಗೋಡೆಗೆ ಕಾರ್ಬಾಕ್ಸಿಲ್ ಎಂಬ ರಾಸಾಯನಿಕ ಗುಂಪು ಜೋಡಿಸಿದ್ದು, ಅಮೀನ್ ಗುಂಪು ಜೋಡಿಸಿದ್ದು, ಉದ್ದದ್ದು, ಗಿಡ್ಡದ್ದು, 90 ಪ್ರತಿಶತ ಶುದ್ಧ, 99 ಪ್ರತಿಶತ ಶುದ್ಧ. ದರ ನೂರಾರು ಪಟ್ಟು ಏರಿಳಿಯುತ್ತದೆ. "ಸರ್, ಇವುಗಳಲ್ಲಿ ಯಾವುದು ಒಳ್ಳೆಯದು?" ಎಂಬುದು ಪ್ರಶ್ನೆ.

ಪಟ್ಟಿಯಲ್ಲಿರುವ ಯಾವುದೂ ಕೆಟ್ಟದ್ದಲ್ಲ. ಆದರೆ ಪಟ್ಟಿಯ ಮೇಲ್ಭಾಗದಲ್ಲಿ ಅಚ್ಚಾಗಿರುವ ಗುಣಗಳೆಲ್ಲ ಒಂದೇ ಒಂದು ಬಿಡಿ ಕೊಳವೆಯನ್ನು ಅಳೆದು ಬರೆದವು, ನಿಮಗೆ ಕೊರಿಯರ್‌ನಲ್ಲಿ ಬರುವುದು ಕೋಟ್ಯಂತರ ಕೊಳವೆಗಳು ಒಂದಕ್ಕೊಂದು ಹೆಣೆದುಕೊಂಡ ಕಪ್ಪು ಪುಡಿ. ಈ ಎರಡರ ನಡುವಿನ ದೂರವನ್ನು ದಾಟಲು ನಿಮ್ಮಲ್ಲಿ ಏನಿದೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಅಳತೆಗೋಲುಗಳು

ಕೊಳ್ಳುವ ಮುನ್ನ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ನಿಮಗೆ ಬೇಕಾದ ಗುಣ. ವಿದ್ಯುತ್ ಹರಿಯಬೇಕೇ, ಬಲ ಬೇಕೇ, ಶಾಖ ಸಾಗಬೇಕೇ, ಅರೆವಾಹಕವಾಗಿ (ಸೆಮಿಕಂಡಕ್ಟರ್ ಆಗಿ) ಕೆಲಸ ಮಾಡಬೇಕೇ? "ಎಲ್ಲವೂ" ಎನ್ನುವವರಿಗೆ ಏನೂ ದಕ್ಕುವುದಿಲ್ಲ. ವಿದ್ಯುತ್ತೇ ಆದರೆ ಎಷ್ಟು ಎಂಬುದನ್ನು ಸಂಖ್ಯೆಯಲ್ಲಿ ಬರೆಯಿರಿ. ಸ್ಥಿರ ವಿದ್ಯುತ್ತು ಮೆಲ್ಲಗೆ ಇಳಿದುಹೋದರೆ ಸಾಕೆಂದರೆ ಮೇಲ್ಮೈ ರೋಧ (ವಸ್ತುವಿನ ಮೈಮೇಲೆ ವಿದ್ಯುತ್ತಿಗೆ ಎದುರಾಗುವ ತಡೆ) ಹತ್ತು ಲಕ್ಷ ಓಮ್‌ನಿಂದ ನೂರು ಕೋಟಿ ಓಮ್‌ವರೆಗೆ ಇದ್ದರೂ ನಡೆಯುತ್ತದೆ. ಬ್ಯಾಟರಿಯ ವಿದ್ಯುದ್ವಾರಕ್ಕೆ ಆ ಲೆಕ್ಕ ಸಾಲದು.

ಎರಡನೆಯದು, ಪುಡಿ ಸೇರಬೇಕಾದದ್ದು ಯಾವುದರೊಳಗೆ: ಕರಗಿದ ಪ್ಲಾಸ್ಟಿಕ್ಕೋ, ಎಪಾಕ್ಸಿಯೋ (ಗಟ್ಟಿಯಾಗುವ ರಾಳ), ನೀರೋ, ರಬ್ಬರೋ? ಮೂರನೆಯದು, ಬೆರೆಸಲು ನಿಮ್ಮಲ್ಲಿರುವ ಯಂತ್ರ. ನಾಲ್ಕನೆಯದು, ಕೊಳವೆ ಬೆಳೆಸಲು ಬಳಸಿ ಪುಡಿಯೊಳಗೆ ಉಳಿದಿರುವ ಲೋಹದಿಂದ ನಿಮ್ಮ ಕೆಲಸ ಕೆಡುತ್ತದೆಯೇ ಎಂಬುದು. ಐದನೆಯದು ಉಸಿರಾಟದ ಸುರಕ್ಷತೆ. ದುಡ್ಡಿನ ಲೆಕ್ಕ ಕೊನೆಗೆ ಬರಲಿ, ಅದೂ ಗ್ರಾಮಿಗೆ ಎಷ್ಟು ಎಂದಲ್ಲ, ತಯಾರಾದ ಒಂದು ವಸ್ತುವಿಗೆ ಎಷ್ಟು ಬೀಳುತ್ತದೆ ಎಂದು.

ಸ್ವಲ್ಪ ರಸಾಯನಶಾಸ್ತ್ರ, ಆಯ್ಕೆಗೆ ಬೇಕಾಗುವಷ್ಟೇ

ನ್ಯಾನೋಟ್ಯೂಬ್‌ನಲ್ಲಿ ಪ್ರತಿ ಇಂಗಾಲದ ಪರಮಾಣು ಮೂರು ನೆರೆಯ ಪರಮಾಣುಗಳಿಗೆ ಬಂಧಿಸಿಕೊಂಡಿದೆ, ಬಂಧದ ಉದ್ದ ಸುಮಾರು 0.142 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ). ನಾಲ್ಕನೆಯ ಎಲೆಕ್ಟ್ರಾನ್ ಯಾರೊಬ್ಬರಿಗೂ ಸೇರದೆ ಇಡೀ ಗೋಡೆಯ ಮೇಲೆ ಓಡಾಡಿಕೊಂಡಿರುತ್ತದೆ. ವಾಹಕತೆ ಬರುವುದು ಈ ಎಲೆಕ್ಟ್ರಾನ್‌ಗಳಿಂದ. ಷಟ್ಕೋನಗಳ ಒಂದೇ ಹಾಳೆ ಸುರುಳಿಯಾದರೆ ಒಂಟಿ ಗೋಡೆಯದು, ವ್ಯಾಸ ಸಾಮಾನ್ಯವಾಗಿ ಒಂದೆರಡು ನ್ಯಾನೋಮೀಟರ್. ಒಂದರೊಳಗೊಂದು ಹಲವು ಕೊಳವೆಗಳಿದ್ದರೆ ಬಹುಗೋಡೆಯದು. ಗೋಡೆಗಳ ನಡುವೆ 0.34 ನ್ಯಾನೋಮೀಟರ್ ಅಂತರ, ಒಟ್ಟು ವ್ಯಾಸ ಹತ್ತು, ಇಪ್ಪತ್ತು, ಕೆಲವೊಮ್ಮೆ ಐವತ್ತು ನ್ಯಾನೋಮೀಟರ್.

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಪ್ರಕಟಿಸಿದ್ದು ಬಹುಗೋಡೆಯದರ ಚಿತ್ರಗಳನ್ನು. ಒಂಟಿ ಗೋಡೆಯದು 1993ರಲ್ಲಿ ಅವರ ಗುಂಪಿನಿಂದಲೂ ಅಮೆರಿಕದ ಐಬಿಎಂ ಗುಂಪಿನಿಂದಲೂ ಒಟ್ಟಿಗೇ ವರದಿಯಾಯಿತು. ಸೋವಿಯತ್ ವಿಜ್ಞಾನಿಗಳಾದ ರಾದುಷ್ಕೆವಿಚ್ ಮತ್ತು ಲುಕ್ಯಾನೋವಿಚ್ 1952ರಲ್ಲೇ ಇಂಥ ಇಂಗಾಲದ ಎಳೆಗಳ ಚಿತ್ರ ಅಚ್ಚುಹಾಕಿಸಿದ್ದರು ಎಂಬುದನ್ನು ಪಠ್ಯಪುಸ್ತಕಗಳು ಮರೆಯುವುದು ನನಗೆ ಸರಿಬರುವುದಿಲ್ಲ.

ಆಯ್ಕೆಗೆ ತೀರಾ ಮುಖ್ಯವಾದ ಮಾತೊಂದಿದೆ. ಹಾಳೆ ಯಾವ ಓರೆಯಲ್ಲಿ ಸುರುಳಿಯಾಗಿದೆ ಎಂಬುದರ ಮೇಲೆ ಒಂಟಿ ಗೋಡೆಯ ಕೊಳವೆ ಲೋಹದಂತೆ ವರ್ತಿಸುತ್ತದೆಯೋ ಅರೆವಾಹಕದಂತೆಯೋ ಎಂಬುದು ತೀರ್ಮಾನವಾಗುತ್ತದೆ. ಬೇರ್ಪಡಿಸದ ರಾಶಿಯಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಲೋಹದ ಗುಣದವು, ಉಳಿದವು ಅರೆವಾಹಕ. ಪ್ಲಾಸ್ಟಿಕ್ಕಿಗೆ ಬೆರೆಸುವವರಿಗೆ ಇದರಿಂದ ತೊಂದರೆಯಿಲ್ಲ. ಟ್ರಾನ್ಸಿಸ್ಟರ್ ಮಾಡುವವರಿಗೆ ಮಾತ್ರ ಲೋಹದ ಗುಣದ ಒಂದೇ ಕೊಳವೆ ಅಡ್ಡಬಿದ್ದರೂ ಸ್ವಿಚ್ ಆರುವುದಿಲ್ಲ.

ಕಾರ್ಬನ್ ಬ್ಲ್ಯಾಕ್: ಮೊದಲು ಇದನ್ನು ತಳ್ಳಿಹಾಕಲು ಕಾರಣ ಹುಡುಕಿ

ಟೈರಿಗೆ ಕಪ್ಪು ಕೊಡುವ ಇದೇ ಮಸಿಯ ವಾಹಕ ದರ್ಜೆ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ. ದರದ ಅಂದಾಜು ಹೀಗಿಟ್ಟುಕೊಳ್ಳಿ: ಕಾರ್ಬನ್ ಬ್ಲ್ಯಾಕ್ ಕಿಲೋಗೆ ನೂರರ ಲೆಕ್ಕದಲ್ಲಿ, ಕೈಗಾರಿಕಾ ದರ್ಜೆಯ ಬಹುಗೋಡೆ ನ್ಯಾನೋಟ್ಯೂಬ್ ಸಾವಿರದ ಲೆಕ್ಕದಲ್ಲಿ, ಒಂಟಿ ಗೋಡೆಯದು ಲಕ್ಷದ ಲೆಕ್ಕದಲ್ಲಿ. ಪ್ರಯೋಗಾಲಯದ ಪುಟ್ಟ ಸೀಸೆಯಲ್ಲಿ ಕೊಂಡರೆ ಎಲ್ಲವೂ ಇನ್ನೂ ದುಬಾರಿ.

ಪ್ಲಾಸ್ಟಿಕ್ಕಿನೊಳಗೆ ವಿದ್ಯುತ್ ಹರಿಯಬೇಕಾದರೆ ಕಪ್ಪು ಕಣಗಳು ಒಂದನ್ನೊಂದು ಮುಟ್ಟುವ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಣಿ ಏರ್ಪಡಬೇಕು. ಗುಂಡಗಿನ ಕಣಗಳಿಗೆ ಇದು ಕಷ್ಟ, ಹಾಗಾಗಿ ಸಾಮಾನ್ಯ ಕಾರ್ಬನ್ ಬ್ಲ್ಯಾಕ್ ತೂಕದಲ್ಲಿ 15ರಿಂದ 20 ಪ್ರತಿಶತ ಹಾಕಬೇಕಾಗುತ್ತದೆ. ಉದ್ದನೆಯ ಕೊಳವೆಗಳಾದರೆ ಎರಡರಿಂದ ನಾಲ್ಕು ಪ್ರತಿಶತಕ್ಕೇ ಸರಣಿ ಮುಗಿಯುತ್ತದೆ.

ಉದಾಹರಣೆಗೆ ನೂರು ಕಿಲೋ ಮಿಶ್ರಣದ ಲೆಕ್ಕ ಹಾಕೋಣ. ದರಗಳು ಲೆಕ್ಕಕ್ಕೆಂದು ಹಿಡಿದವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ಪಾಲಿಪ್ರೊಪಿಲೀನ್ ಕಿಲೋಗೆ 100 ರೂಪಾಯಿ, ಕಾರ್ಬನ್ ಬ್ಲ್ಯಾಕ್ 500, ಬಹುಗೋಡೆ ನ್ಯಾನೋಟ್ಯೂಬ್ 5,000. ಕಾರ್ಬನ್ ಬ್ಲ್ಯಾಕ್ 18 ಕಿಲೋ ಹಾಕಿದರೆ ಒಟ್ಟು 17,200 ರೂಪಾಯಿ. ನ್ಯಾನೋಟ್ಯೂಬ್ 3 ಕಿಲೋ ಹಾಕಿದರೆ 24,700. ವ್ಯತ್ಯಾಸ ಕಿಲೋಗೆ 75 ರೂಪಾಯಿ. 200 ಗ್ರಾಂ ತೂಗುವ ಟ್ರೇ ಒಂದಕ್ಕೆ 15 ರೂಪಾಯಿ. ಹತ್ತು ಪಟ್ಟು ದುಬಾರಿ ಎಂದು ಹೆದರಿಸಿದ ಪುಡಿ ಕೊನೆಗೆ ತಂದಿಟ್ಟ ಹೊರೆ ಇಷ್ಟು.

ಆ 15 ರೂಪಾಯಿಗೆ ಏನು ಸಿಗುತ್ತದೆ? ಐದನೆಯ ಒಂದು ಭಾಗ ಮಸಿಯೇ ಆಗಿರುವ ಪ್ಲಾಸ್ಟಿಕ್ ಪೆಡಸಾಗುತ್ತದೆ, ಕೆಳಗೆ ಬಿದ್ದರೆ ಮೂಲೆ ಒಡೆಯುತ್ತದೆ, ಬಿಳಿ ಬಟ್ಟೆಯಿಂದ ಉಜ್ಜಿದರೆ ಬಟ್ಟೆ ಕಪ್ಪಾಗುತ್ತದೆ. ಚಿಪ್ ಅಥವಾ ಹಾರ್ಡ್ ಡಿಸ್ಕ್ ಬಿಡಿಭಾಗ ಇಡುವ ಟ್ರೇಯಲ್ಲಿ ಈ ಉದುರುವ ಮಸಿಯೇ ಶತ್ರು. ಅಂಥ ಗಿರಾಕಿ ಇದ್ದರೆ ನ್ಯಾನೋಟ್ಯೂಬ್ ಕಡೆ ಹೋಗಿ. ಗೋದಾಮಿನ ಡಬ್ಬಿ, ಪೈಪು, ನೆಲಹಾಸು ಆದರೆ ಕಾರ್ಬನ್ ಬ್ಲ್ಯಾಕ್‌ನಲ್ಲೇ ಇರಿ. ಅಮೆರಿಕದಲ್ಲಿ ಕಾರಿನ ನೈಲಾನ್ ಇಂಧನ ಕೊಳವೆಗಳಿಗೆ 1990ರ ದಶಕದಿಂದಲೇ ಬಹುಗೋಡೆ ನ್ಯಾನೋಟ್ಯೂಬ್ ಬೆರೆಸುತ್ತಿದ್ದಾರೆ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಕಿಡಿಯಾಗಬಾರದು, ಕೊಳವೆ ಪೆಡಸೂ ಆಗಬಾರದು. ಎರಡೂ ಒಟ್ಟಿಗೆ ಬೇಕಾದ ಕಡೆ ದುಬಾರಿ ಪುಡಿ ತನ್ನ ಜಾಗ ಗಳಿಸಿಕೊಂಡಿತು.

ಬಹುಗೋಡೆ: ದುಡಿಯುವ ಕುದುರೆ, ಆದರೆ ಗಂಟು ಬಿಡಿಸುವವರು ಯಾರು?

ಇವತ್ತು ಟನ್‌ಗಟ್ಟಲೆ ಮಾರಾಟವಾಗುವುದು ಈ ಬಗೆ. ಅಲ್ಯೂಮಿನಾದಂಥ ಆಧಾರದ ಮೇಲೆ ಕಬ್ಬಿಣ, ಕೋಬಾಲ್ಟ್ ಅಥವಾ ನಿಕಲ್‌ನ ಸೂಕ್ಷ್ಮ ಕಣಗಳನ್ನು ಕೂರಿಸಿ, ಸುಮಾರು 600ರಿಂದ 900 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಎಥಿಲೀನ್ ಅಥವಾ ಅಸಿಟಿಲೀನ್ ಹಾಯಿಸುತ್ತಾರೆ. ಅನಿಲ ಲೋಹದ ಕಣದ ಮೇಲೆ ಒಡೆದು, ಇಂಗಾಲ ಕೊಳವೆಯಾಗಿ ಬೆಳೆಯುತ್ತದೆ. ಬೆಳೆದ ಕೊಳವೆಗಳು ಹೊರಬರುವುದು ಗಂಟುಗಂಟಾಗಿಯೇ.

ರಾಗಿ ಮುದ್ದೆ ಮಾಡಿದವರಿಗೆ ಈ ತೊಂದರೆಯ ಪರಿಚಯವಿದೆ. ಹಿಟ್ಟಿನ ಗಂಟಿನ ಹೊರಮೈ ಒದ್ದೆಯಾಗಿ ಬಿಗಿದುಕೊಂಡರೆ ಒಳಗಿನದು ಒಣಗಿಯೇ ಉಳಿಯುತ್ತದೆ, ಕೋಲು ಹಾಕಿ ತೊಳಸದೆ ಬಿಡುವುದಿಲ್ಲ. ಎಪಾಕ್ಸಿಗೆ ಪುಡಿ ಸುರಿದು ಸಾಮಾನ್ಯ ಕಲಕುವ ಯಂತ್ರ ಹಚ್ಚಿದರೆ ಆಗುವುದು ಇದೇ. ಹೊರಗಿನಿಂದ ನೋಡಿದರೆ ಸೀಸೆ ಪೂರ್ತಿ ಕಪ್ಪು, ಎಲ್ಲ ಬೆರೆತಂತೆ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಮೇಲೊಂದು ತೆಳುಗಾಜು ಒತ್ತಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲೇ ನೋಡಿ. ತಿಳಿಯಾದ ಬಯಲಿನಲ್ಲಿ ಅಲ್ಲಲ್ಲಿ ಕಪ್ಪು ಗುಡ್ಡೆಗಳು ಕಂಡರೆ ನಿಮ್ಮ ದುಡ್ಡು ಆ ಗುಡ್ಡೆಗಳಲ್ಲಿ ಕುಳಿತಿದೆ. ಬಯಲೆಲ್ಲ ಒಂದೇ ಬೂದುಬಣ್ಣವಾದರೆ ಮುಂದುವರಿಯಬಹುದು.

ಎಪಾಕ್ಸಿಗೆ ಮೂರು ಉರುಳೆಗಳ ಮಿಲ್ ಒಳ್ಳೆಯದು. ನೀರು ಅಥವಾ ದ್ರಾವಕಕ್ಕೆ ಸಾನಿಕೇಟರ್, ಅಂದರೆ ಶಬ್ದದ ಅಲೆಗಳಿಂದ ಗಂಟು ಅಲುಗಿಸಿ ಬಿಡಿಸುವ ಯಂತ್ರ. ಆದರೆ ಸಾನಿಕೇಟರ್ ಹೆಚ್ಚು ಹೊತ್ತು ನಡೆದರೆ ಕೊಳವೆಗಳೇ ತುಂಡಾಗುತ್ತವೆ. ಉದ್ದದ್ದಕ್ಕೆಂದು ಹೆಚ್ಚು ದುಡ್ಡು ಕೊಟ್ಟು ಕೊಂಡು ಗಿಡ್ಡ ಮಾಡಿಕೊಂಡವರು ಕಡಿಮೆಯಿಲ್ಲ. ಪ್ಲಾಸ್ಟಿಕ್ಕಿಗಾದರೆ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಎರಡು ತಿರುಪಿನ ಎಕ್ಸ್‌ಟ್ರೂಡರ್ ಬೇಕೇ ಬೇಕು. ಅದು ಇಲ್ಲದ ಕಾರ್ಖಾನೆಯವರಿಗೆ ನನ್ನ ಸಲಹೆ ಒಂದೇ: ಬಿಡಿ ಪುಡಿಯನ್ನು ಒಳಗೆ ತರಲೇಬೇಡಿ, 10ರಿಂದ 20 ಪ್ರತಿಶತ ನ್ಯಾನೋಟ್ಯೂಬ್ ಇರುವ ಮಾಸ್ಟರ್‌ಬ್ಯಾಚ್ ಗುಳಿಗೆಗಳನ್ನು ಕೊಳ್ಳಿ. ದರ ಹೆಚ್ಚು, ನಿಜ. ಗಂಟು ಬಿಡಿಸುವ ಕೆಲಸವನ್ನು ಬೇರೆಯವರು ಮಾಡಿಕೊಟ್ಟ ಕೂಲಿ ಅದರಲ್ಲಿದೆ, ಗಾಳಿಯಲ್ಲಿ ಹಾರುವ ಧೂಳಿನ ಕಾಟವೂ ಇರುವುದಿಲ್ಲ.

ಇಂಜೆಕ್ಷನ್ ಮೋಲ್ಡಿಂಗ್ ಮಾಡುವವರಿಗೆ ಇನ್ನೊಂದು ಮಾತು. ಅದೇ ಗುಳಿಗೆ, ಅದೇ ಅಚ್ಚು, ಆದರೂ ಒಂದು ಪಾಳಿಯ ಟ್ರೇ ಪರೀಕ್ಷೆಯಲ್ಲಿ ಪಾಸಾಗಿ ಇನ್ನೊಂದು ಪಾಳಿಯದು ಬಿದ್ದುಹೋಗುವುದುಂಟು. ವೇಗವಾಗಿ ತುಂಬಿದಾಗ ಕೊಳವೆಗಳು ಹರಿವಿನ ದಿಕ್ಕಿಗೆ ಸಾಲುಗಟ್ಟಿ ಪರಸ್ಪರ ಮುಟ್ಟುವುದು ಕಡಿಮೆಯಾಗುತ್ತದೆ, ಮೇಲ್ಮೈ ರೋಧ ಏರುತ್ತದೆ. ಕರಗಿದ ಪ್ಲಾಸ್ಟಿಕ್ಕಿನ ಶಾಖ ಹೆಚ್ಚಿಸಿ, ನಿಧಾನವಾಗಿ ತುಂಬಿ ನೋಡಿ. ಪುಡಿಯ ಪ್ರಮಾಣ ಏರಿಸುವುದು ಆಮೇಲಿನ ಮಾತು.

ಜೋಡಣೆ ಮಾಡಿದ್ದು ಬೇಕೇ?

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿ. ಗೋಡೆಯ ಮೈ ರಾಸಾಯನಿಕವಾಗಿ ಬಹಳ ನಿರ್ಲಿಪ್ತ, ನೀರಿಗೂ ಒಲ್ಲದು ಹೆಚ್ಚಿನ ದ್ರಾವಕಗಳಿಗೂ ಒಲ್ಲದು. ಅದಕ್ಕೆ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳಲ್ಲಿ ಕಾಯಿಸುತ್ತಾರೆ. ಆಮ್ಲ ಮೊದಲು ಹತ್ತುವುದು ತುದಿಗಳಿಗೆ ಮತ್ತು ಗೋಡೆಯಲ್ಲಿ ಮೊದಲೇ ದೋಷವಿರುವ ಜಾಗಗಳಿಗೆ. ಅಲ್ಲಿ ಕಾರ್ಬಾಕ್ಸಿಲ್ ಗುಂಪುಗಳು ಹುಟ್ಟುತ್ತವೆ. ಅವಕ್ಕೆ ಅಮೀನ್ ಕಟ್ಟಬಹುದು, ಕಿಣ್ವ ಕಟ್ಟಬಹುದು, ಎಪಾಕ್ಸಿಯ ಜೊತೆ ನೇರ ಬಂಧವನ್ನೂ ಬೆಸೆಯಬಹುದು.

ಬೆಲೆ ತೆರುವುದು ವಾಹಕತೆಯಲ್ಲಿ. ಹೊಸ ಬಂಧ ಕೂತ ಪ್ರತಿ ಇಂಗಾಲವೂ ತನ್ನ ಓಡಾಡುವ ಎಲೆಕ್ಟ್ರಾನನ್ನು ಆ ಬಂಧಕ್ಕೆ ಕೊಟ್ಟುಬಿಡುತ್ತದೆ. ಒಂಟಿ ಗೋಡೆಯದಕ್ಕೆ ಇದು ಮಾರಕ, ಅದಕ್ಕಿರುವುದು ಒಂದೇ ಗೋಡೆ. ಬಹುಗೋಡೆಯದರಲ್ಲಿ ಹೊರಗೋಡೆ ಗಾಯಗೊಂಡರೂ ಒಳಗಿನವು ಉಳಿಯುತ್ತವೆ. ಹಾಗಾಗಿ ನಾನು ಹೇಳುವುದು: ಕಿಣ್ವ ಅಥವಾ ಪ್ರತಿಕಾಯ ಕಟ್ಟುವ ಜೈವಿಕ ಸೆನ್ಸರ್‌ಗೆ ಕಾರ್ಬಾಕ್ಸಿಲ್ ಇರುವ ಬಹುಗೋಡೆ ಸರಿ. ವಾಹಕ ಲೇಪನವೋ ಶಾಯಿಯೋ ಬೇಕಾದರೆ ಗೋಡೆ ಮುಟ್ಟಬೇಡಿ. ಸೋಡಿಯಂ ಕೋಲೇಟ್ ಅಥವಾ ಸೋಡಿಯಂ ಡೋಡೆಸಿಲ್‌ಬೆಂಜೀನ್ ಸಲ್ಫೊನೇಟ್‌ನಂಥ ಸಾಬೂನಿನ ಜಾತಿಯ ವಸ್ತು ಸುತ್ತಿಕೊಂಡು ನೀರಿನಲ್ಲಿ ತೇಲಿಸುತ್ತದೆ, ಆಮೇಲೆ ತೊಳೆದು ತೆಗೆಯಬಹುದು.

ಒಂಟಿ ಗೋಡೆ: ಯಾರಿಗೆ ಲಾಭ?

ಒಂಟಿ ಗೋಡೆಯವು ಕಟ್ಟುಕಟ್ಟಾಗಿ ಅಂಟಿಕೊಂಡಿರುತ್ತವೆ. ಬಿಡಿಸಲು ಬೇಕಾದ ಶಕ್ತಿ ಒಂದು ಮೈಕ್ರೋಮೀಟರ್ ಉದ್ದಕ್ಕೆ ಸುಮಾರು 500 ಎಲೆಕ್ಟ್ರಾನ್ ವೋಲ್ಟ್. ಬಿಡಿಸಬಲ್ಲವರಿಗೆ ಮಾತ್ರ ಇದು ಅಗ್ಗ. ವಿರೋಧಾಭಾಸ ಎನಿಸಬಹುದು. ಬ್ಯಾಟರಿಯ ಸಿಲಿಕಾನ್ ಬೆರೆತ ಆನೋಡ್ (ಋಣ ವಿದ್ಯುದ್ವಾರ) ಚಾರ್ಜ್ ಆಗುವಾಗ ಹಿಗ್ಗಿ ಮತ್ತೆ ಕುಗ್ಗುತ್ತದೆ, ಗುಂಡಗಿನ ಮಸಿಯ ಕಣಗಳು ಆಗ ಸಂಪರ್ಕ ಕಳೆದುಕೊಳ್ಳುತ್ತವೆ. ಉದ್ದನೆಯ, ಬಾಗುವ ಒಂಟಿ ಗೋಡೆಯ ಕೊಳವೆಗಳು 0.1 ಪ್ರತಿಶತದ ಆಸುಪಾಸಿನಲ್ಲೇ ಆ ಸಂಪರ್ಕವನ್ನು ಹಿಡಿದಿಡಬಲ್ಲವು. ಅಷ್ಟು ಕಡಿಮೆ ಹಾಕುವಾಗ ಕಿಲೋಗೆ ಲಕ್ಷ ರೂಪಾಯಿ ಎಂಬುದು ಅಂಥ ಹೊರೆಯಲ್ಲ. ಕ್ಯಾಥೋಡ್‌ಗಾದರೆ (ಧನ ವಿದ್ಯುದ್ವಾರ) ಬಹುಗೋಡೆಯದರ ಸಿದ್ಧ ಪೇಸ್ಟ್ ಸಾಕು. ಎರಡು ಮೂರು ಪ್ರತಿಶತ ಕಾರ್ಬನ್ ಬ್ಲ್ಯಾಕ್ ಮಾಡುತ್ತಿದ್ದ ಕೆಲಸವನ್ನು ಒಂದು ಪ್ರತಿಶತದೊಳಗೆ ಮಾಡುತ್ತದೆ. ಉಳಿದ ಜಾಗದಲ್ಲಿ ವಿದ್ಯುತ್ ಶೇಖರಿಸುವ ವಸ್ತುವನ್ನೇ ತುಂಬಬಹುದು.

ಬ್ಯಾಟರಿಯವರು ಶುದ್ಧತೆಯಲ್ಲಿ ಜಿಪುಣತನ ಮಾಡಬಾರದು. ಉಳಿದ ಕಬ್ಬಿಣ ಕ್ಯಾಥೋಡ್‌ನ ವೋಲ್ಟೇಜ್‌ನಲ್ಲಿ ಕರಗಿ, ಆನೋಡ್ ಮೇಲೆ ಕೂತು, ಚಾರ್ಜ್ ತಾನಾಗಿ ಸೋರುವಂತೆ ಮಾಡುತ್ತದೆ. ಪ್ಲಾಸ್ಟಿಕ್ ಟ್ರೇಗೆ 90 ಪ್ರತಿಶತ ಶುದ್ಧತೆ ಧಾರಾಳ. ಅಲ್ಲಿ 99ಕ್ಕೆ ದುಡ್ಡು ಕೊಡುವುದು ದಂಡ.

ಟ್ರಾನ್ಸಿಸ್ಟರ್ ಆಸೆ ಇರುವವರು ಅರೆವಾಹಕವನ್ನೇ ಬೇರ್ಪಡಿಸಿದ ದ್ರಾವಣ ಕೊಳ್ಳಬೇಕು, ಅದು ಮಿಲಿಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ. 2013ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 178 ಟ್ರಾನ್ಸಿಸ್ಟರ್‌ಗಳ ನ್ಯಾನೋಟ್ಯೂಬ್ ಕಂಪ್ಯೂಟರ್ ನಡೆಯಿತು, 2019ರಲ್ಲಿ ಎಂಐಟಿಯವರು 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರ್‌ಗಳಿಗೆ ಏರಿಸಿದರು. ಬೇರ್ಪಡಿಸದ ಒಂಟಿ ಗೋಡೆಯಿಂದ ಒಳ್ಳೆಯ ಕೆಲಸ ಆಗುವುದೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಜಯ್ ಸೂದ್ ಅವರ ಗುಂಪು 2003ರಲ್ಲಿ ತೋರಿಸಿದ್ದು, ಒಂಟಿ ಗೋಡೆಯ ಕಟ್ಟುಗಳ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆಂದು. ಹರಿವಿನ ವೇಗ ಅಳೆಯುವ ಸೆನ್ಸರ್‌ಗೆ ಅಷ್ಟೇ ಸಾಕಾಯಿತು, ಕೊಳವೆಗಳನ್ನು ಒಂದೊಂದಾಗಿ ಬಿಡಿಸುವ ಅಗತ್ಯವೇ ಬೀಳಲಿಲ್ಲ.

ಬಲಕ್ಕೆ, ಶಾಖಕ್ಕೆ

ಬಿಡಿ ಕೊಳವೆಯ ಸ್ಥಿತಿಸ್ಥಾಪಕತೆಯ ಗುಣಾಂಕ (ಎಳೆದರೆ ಹಿಗ್ಗಗೊಡದ ಬಿಗಿತ) ಸುಮಾರು ಒಂದು ಟೆರಾಪ್ಯಾಸ್ಕಲ್, ಉಕ್ಕಿನ ಐದು ಪಟ್ಟು. ಈ ಸಂಖ್ಯೆ ನೋಡಿ ಎಪಾಕ್ಸಿಗೆ ಅರ್ಧ ಪ್ರತಿಶತ ಹಾಕಿ ಉಕ್ಕನ್ನು ನಿರೀಕ್ಷಿಸುವವರು ಇದ್ದಾರೆ. ಎಳೆದಾಗ ಹೊರೆ ಎಪಾಕ್ಸಿಯಿಂದ ಕೊಳವೆಗೆ ದಾಟಬೇಕು, ನುಣುಪಾದ ಗೋಡೆ ಜಾರಿಕೊಳ್ಳುತ್ತದೆ. ಬಿರುಕು ಹರಡುವುದನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಬಲವೇ ಗುರಿಯಾದರೆ ಕಾರ್ಬನ್ ಫೈಬರ್ ಅಥವಾ ಗಾಜಿನ ನಾರು ಕೊಳ್ಳಿ. ಕಾಂಕ್ರೀಟಿಗೆ ಹಾಕಿ ಮನೆ ಕಟ್ಟಿಸಬಹುದೇ ಎಂದು ಕೇಳುವವರಿಗೆ: ಆ ದುಡ್ಡಿನಲ್ಲಿ ಒಳ್ಳೆಯ ಕ್ಯೂರಿಂಗ್ ಮಾಡಿಸಿ.

ಶಾಖದ ಕಥೆಯೂ ಇದೇ. ಬಿಡಿ ಕೊಳವೆ ತಾಮ್ರಕ್ಕಿಂತ ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಆದರೆ ಕೊಳವೆಯಿಂದ ಕೊಳವೆಗೆ ದಾಟುವ ಪ್ರತಿ ಸಂಧಿಯಲ್ಲೂ ಅಡ್ಡಿ. ಶಾಖದ ಪೇಸ್ಟ್‌ಗೆ ಬೋರಾನ್ ನೈಟ್ರೈಡ್, ಅಲ್ಯೂಮಿನಾ ಅಥವಾ ಗ್ರ್ಯಾಫೀನ್ (ಸುರುಳಿಯಾಗದ ಇಂಗಾಲದ ಹಾಳೆ) ಚಕ್ಕೆಗಳು ವಾಸಿ. ಗ್ರ್ಯಾಫೀನ್ ಚಕ್ಕೆಗಳು ತೇವ, ಅನಿಲ ತಡೆಯುವ ಲೇಪನಕ್ಕೂ ಚೆನ್ನ. ವಿದ್ಯುತ್ ಸರಣಿ ಕಟ್ಟುವುದರಲ್ಲಿ ಮಾತ್ರ ಉದ್ದನೆಯ ಕೊಳವೆಗಳ ಮುಂದೆ ಸೋಲುತ್ತವೆ.

ಸ್ವತಃ ತಯಾರಿಸುವುದು

ನಿಮ್ಮ ವಿಭಾಗದಲ್ಲಿ ಕೊಳವೆ ಕುಲುಮೆ, ಆರ್ಗಾನ್ ಮತ್ತು ಒಳ್ಳೆಯ ಹೊಗೆ ಗೂಡು (ಫ್ಯೂಮ್ ಹುಡ್) ಇದ್ದರೆ ಇದೂ ಒಂದು ದಾರಿ. ಫೆರೊಸೀನ್ ಎಂಬ ಒಂದೇ ಸಂಯುಕ್ತ ಕಬ್ಬಿಣವನ್ನೂ ಇಂಗಾಲವನ್ನೂ ಕೊಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪು ಇಂಥ ಮೆಟಲೊಸೀನ್‌ಗಳನ್ನು ಹೈಡ್ರೋಕಾರ್ಬನ್ ಜೊತೆ ಕಾಯಿಸಿ ಸಾಲಾಗಿ ನಿಂತ ಕೊಳವೆಗಳನ್ನು ಬೆಳೆಸಿತ್ತು. ಬೆಳವಣಿಗೆಯೇ ನಿಮ್ಮ ಸಂಶೋಧನೆಯ ವಿಷಯವಾದರೆ ಮಾಡಿ. ಸೆನ್ಸರ್ ವಿಷಯವಾದರೆ ಕೊಳ್ಳಿ, ಎರಡು ವರ್ಷ ಕುಲುಮೆಯಲ್ಲೇ ಕಳೆದುಹೋಗುತ್ತದೆ.

ಉಸಿರಿನ ಲೆಕ್ಕ

ಸೀಸೆಯ ಮುಚ್ಚಳ ತೆಗೆದು ಚಮಚ ಅದ್ದಿದರೆ ಪುಡಿ ಸ್ಥಿರ ವಿದ್ಯುತ್ತಿಗೆ ಚಮಚದ ಹಿಡಿಯವರೆಗೂ ಏರಿಬರುತ್ತದೆ, ತಕ್ಕಡಿಯ ಗಾಜಿಗೂ ಅಂಟುತ್ತದೆ. ಬರಿಗಣ್ಣಿಗೆ ಕಾಣದ್ದು ಗಾಳಿಯಲ್ಲಿರುತ್ತದೆ. ಉದ್ದನೆಯ, ಪೆಡಸಾದ ಬಹುಗೋಡೆ ಎಳೆಗಳು ಇಲಿಗಳ ಒಳಪೊರೆಯಲ್ಲಿ ಕಲ್ನಾರಿನಂಥ (ಆಸ್ಬೆಸ್ಟಾಸ್‌ನಂಥ) ಉರಿಯೂತ ತಂದದ್ದು 2008ರಲ್ಲಿ ವರದಿಯಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಬಹುಗೋಡೆಯ ಒಂದು ನಿರ್ದಿಷ್ಟ ಬಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ ಗುಂಪಿಗೆ ಸೇರಿಸಿತು, ಉಳಿದವಕ್ಕೆ ಪುರಾವೆ ಸಾಲದೆಂದಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಮಿತಿ ಎಂಟು ಗಂಟೆಯ ಪಾಳಿಗೆ ಘನಮೀಟರ್ ಗಾಳಿಯಲ್ಲಿ ಒಂದೇ ಮೈಕ್ರೋಗ್ರಾಂ. ಇಷ್ಟು ಸಣ್ಣ ಪ್ರಮಾಣವನ್ನು ಸಾಮಾನ್ಯ ಕಾರ್ಖಾನೆ ಅಳೆಯುವುದೂ ಕಷ್ಟ. ಹೊಗೆ ಗೂಡು, ಸರಿಯಾದ ಫಿಲ್ಟರ್ ಇರುವ ಮುಖಗವಸು, ಒದ್ದೆ ಬಟ್ಟೆಯ ಒರೆಸುವಿಕೆ ಇಲ್ಲದ ಜಾಗಕ್ಕೆ ಪುಡಿ ತರಿಸಬೇಡಿ. ಗುಳಿಗೆ ಅಥವಾ ಪೇಸ್ಟ್ ರೂಪವೇ ಅಲ್ಲಿ ಸೂಕ್ತ. ಗಟ್ಟಿಯಾದ ಮಿಶ್ರಣವನ್ನು ಉಜ್ಜುವಾಗ, ಕೊರೆಯುವಾಗಲೂ ಧೂಳು ಏಳುತ್ತದೆಂದು ಕೆಲಸಗಾರರಿಗೆ ಹೇಳಿ.

ಹಣ ಕೊಡುವ ಮುನ್ನ

ಮಾರುವವರಿಂದ ಎರಡು ನಕ್ಷೆ ಕೇಳಿ. ಒಂದು, ಗಾಳಿಯಲ್ಲಿ ಕಾಯಿಸಿ ತೂಕ ಅಳೆದದ್ದು. ಇಂಗಾಲವೆಲ್ಲ ಉರಿದು ಉಳಿಯುವ ಬೂದಿಯೇ ವೇಗವರ್ಧಕದ (ಕೊಳವೆ ಬೆಳೆಸಿದ ಲೋಹ, ಅದರ ಆಧಾರ) ಶೇಷ. ನೀವೇ ಮೂಸೆಯಲ್ಲಿ ಸುಟ್ಟರೂ ಬಣ್ಣ ಸುಳಿವು ಕೊಡುತ್ತದೆ, ಇಟ್ಟಿಗೆ ಕೆಂಪಾದರೆ ಕಬ್ಬಿಣ, ಬಿಳುಪಾದರೆ ಅಲ್ಯೂಮಿನಾದಂಥ ಆಧಾರ. ಇನ್ನೊಂದು ರಾಮನ್ ನಕ್ಷೆ, ಅಂದರೆ ಲೇಸರ್ ಬೆಳಕು ಚದುರುವ ರೀತಿಯಿಂದ ಬಂಧಗಳ ಕಂಪನವನ್ನು ತೋರಿಸುವುದು. ಅದರ ಅಂಕಿಗಳು ಪ್ರತಿ ಸೆಂಟಿಮೀಟರ್‌ಗೆ ಎಂಬ ಲೆಕ್ಕದಲ್ಲಿರುತ್ತವೆ. 1590ರ ಹತ್ತಿರದ ಶಿಖರ ಸುವ್ಯವಸ್ಥಿತ ಗೋಡೆಯದು, 1350ರ ಹತ್ತಿರದ್ದು ದೋಷದ್ದು. ಒಳ್ಳೆಯ ಒಂಟಿ ಗೋಡೆಯಲ್ಲಿ ದೋಷದ ಶಿಖರ ತೀರಾ ಕುಳ್ಳಗಿರಬೇಕು, 100ರಿಂದ 350ರ ನಡುವೆ ಚೂಪಾದ ಸಣ್ಣ ಶಿಖರಗಳೂ ಕಾಣಬೇಕು. ಅವು ಇಲ್ಲದ "ಒಂಟಿ ಗೋಡೆ"ಗೆ ದುಡ್ಡು ಕೊಡಬೇಡಿ. ಅಗ್ಗದ ಬಹುಗೋಡೆಯಲ್ಲಿ ಎರಡೂ ಶಿಖರ ಸಮನಾಗಿದ್ದರೆ ಗಾಬರಿ ಬೇಡ, ಆ ಬಗೆಯಲ್ಲಿ ಅದು ಸಾಮಾನ್ಯ.

ಮೊದಲ ಪರೀಕ್ಷೆಗೆ ವಿದ್ಯಾರ್ಥಿಗೆ ಐದು ಗ್ರಾಂ, ಕಾರ್ಖಾನೆಗೆ ಒಂದು ಚೀಲ ಮಾಸ್ಟರ್‌ಬ್ಯಾಚ್ ಸಾಕು. ಫಲಿತಾಂಶ ಚೆನ್ನಾಗಿ ಬಂದರೆ ಅದೇ ಲಾಟ್ ಸಂಖ್ಯೆಯ ಸರಕನ್ನು ಇಡೀ ಪ್ರಯೋಗಕ್ಕೆ ಸಾಲುವಷ್ಟು ತರಿಸಿಟ್ಟುಕೊಳ್ಳಿ, ಲಾಟ್ ಬದಲಾದಾಗ ರಾಮನ್ ನಕ್ಷೆಯನ್ನೂ ಬೂದಿಯ ತೂಕವನ್ನೂ ಹೊಸದಾಗಿ ತೆಗೆಸಿ.